ಹರಳಿಗೆ ಬರೆದದ್ದು ಗಾಜಿಗೆ ಸಂದಿತು

ಸಿಲಿಕಾದ ಸೂಕ್ಷ್ಮ ಕಣಗಳನ್ನು ಕಾಯಿಸಿದಾಗ, ಅವು ಕರಗುವುದಕ್ಕೆ ನೂರಾರು ಡಿಗ್ರಿ ಮೊದಲೇ ಮೈಮೇಲಿನ ಒರಟು ಇಳಿದು ನುಣುಪಾಗುವುದೇಕೆ ಎಂಬ ಪ್ರಶ್ನೆಗೆ ಇಂದು ಕೊಡುವ ಉತ್ತರ, ಗಾಜನ್ನು ಉದ್ದೇಶಿಸಿ ಬರೆಯದ ಒಂದು ಲೇಖನದಿಂದ ಬಂದದ್ದು. ಸೋವಿಯತ್ ಭೌತವಿಜ್ಞಾನಿ ಯಾಕೋವ್ ಫ್ರೆಂಕೆಲ್ 1945ರಲ್ಲಿ ಪ್ರಕಟಿಸಿದ ಆ ಲೇಖನದ ಶೀರ್ಷಿಕೆಯೇ ಸ್ಫಟಿಕ ಕಾಯಗಳನ್ನು ಹೆಸರಿಸುತ್ತದೆ. ಬಿಸಿಯಾದ ಹರಳು ಮೇಲ್ಮೈ ಎಳೆತಕ್ಕೆ, ಅಂದರೆ ಹೊರಮೈಯನ್ನು ಆದಷ್ಟು ಕುಗ್ಗಿಸಲು ಎಳಸುವ ಬಲಕ್ಕೆ, ಮಣಿದು ದ್ರವದಂತೆ ಮಂದವಾಗಿ ಹರಿಯುತ್ತದೆ ಎಂಬುದು ಅಲ್ಲಿನ ವಾದ. ಹರಳಿನ ಮಟ್ಟಿಗೆ ಅದು ನಿಲ್ಲಲಿಲ್ಲ. 1949ರಲ್ಲಿ ಜಾರ್ಜ್ ಕುಚಿನ್ಸ್ಕಿ, ಲೋಹದ ಕಣಗಳು ಬೆಸೆಯುವುದು ಪರಮಾಣುಗಳು ಒಂದೊಂದಾಗಿ ಸ್ಥಳ ಬದಲಿಸುವ ವಿಸರಣದಿಂದ ಎಂದು ತೋರಿಸಿದರು. ಆದರೆ ಅವರೇ ಅದೇ ವರ್ಷ ಪ್ರಕಟಿಸಿದ ಗಾಜಿನ ಗೋಲಿಗಳ ಪ್ರಯೋಗದಲ್ಲಿ ಫ್ರೆಂಕೆಲ್ ಸೂತ್ರ ಚೆನ್ನಾಗಿಯೇ ಹೊಂದಿಕೊಂಡಿತು.

ನಿಯತ ಜೋಡಣೆಯಿಲ್ಲದ ಸಿಲಿಕಾ ಗಾಜಿನ ಜಾತಿಯದೇ ಆದ್ದರಿಂದ ಅದಕ್ಕೂ ಈ ಲೆಕ್ಕ ಸಲ್ಲುತ್ತದೆ. ಉಬ್ಬಿನ ಒಳಗೆ ಒತ್ತಡ ಹೆಚ್ಚು, ತಗ್ಗಿನ ಕೆಳಗೆ ಕಡಿಮೆ. ಕಾವು ಏರಿ ಸ್ನಿಗ್ಧತೆ, ಅಂದರೆ ಹರಿವಿಗೆ ಒಡ್ಡುವ ತಡೆ, ಇಳಿದಾಗ ವಸ್ತು ಉಬ್ಬಿನಿಂದ ತಗ್ಗಿನತ್ತ ಸರಿಯುತ್ತದೆ. ಬೇಕಾಗುವ ಕಾಲ ಉಬ್ಬಿನ ಗಾತ್ರಕ್ಕೆ ಅನುಗುಣವಾಗಿರುವುದರಿಂದ 1 ನ್ಯಾನೋಮೀಟರಿನ ಮೊನೆ, 100 ನ್ಯಾನೋಮೀಟರಿನ ದಿನ್ನೆಗಿಂತ ನೂರು ಪಟ್ಟು ಬೇಗ ಅಳಿಯುತ್ತದೆ. ಮೈಗೆ ಅಂಟಿದ ಹೈಡ್ರಾಕ್ಸಿಲ್ ಗುಂಪುಗಳು, ಅಂದರೆ ಆಮ್ಲಜನಕ-ಜಲಜನಕದ ಜೋಡಿಗಳು, ಕಾವಿಗೆ ಎರಡೆರಡಾಗಿ ಸೇರಿ ನೀರಾಗಿ ಹೊರಬೀಳುತ್ತವೆ. ಹೋಗದೆ ಉಳಿದವು ಸ್ನಿಗ್ಧತೆಯನ್ನು ತಗ್ಗಿಸಿ ಹರಿವಿಗೆ ನೆರವಾಗುತ್ತವೆ.

ಇಷ್ಟು ಸರಳ ಭೌತಶಾಸ್ತ್ರ ಕೈಯಲ್ಲಿದ್ದರೂ 1980ರ ದಶಕದಲ್ಲಿ ಒರಟಿನ ಚರ್ಚೆಯನ್ನು ಫ್ರ್ಯಾಕ್ಟಲ್‌ಗಳ, ಅಂದರೆ ಹಿಗ್ಗಿಸಿ ನೋಡಿದಷ್ಟೂ ಅದೇ ಬಗೆಯ ಒರಟು ತೋರುವ ಆಕೃತಿಗಳ, ಉತ್ಸಾಹ ಆವರಿಸಿತು. 1983ರಲ್ಲಿ ಪೀಟರ್ ಫೈಫರ್ ಮತ್ತು ಡೇವಿಡ್ ಅವ್ನಿರ್, ಬೇರೆ ಬೇರೆ ಗಾತ್ರದ ಅಣುಗಳನ್ನು ಅಳತೆಗೋಲಾಗಿಸಿ ಮೇಲ್ಮೈಗೆ 2 ಮತ್ತು 3ರ ನಡುವಿನ ಆಯಾಮವನ್ನು ಕೊಟ್ಟರು. 2 ಎಂದರೆ ಪೂರ್ಣ ನುಣುಪು, 3ರತ್ತ ಹೋದಷ್ಟೂ ಒರಟು. ಸಿಲಿಕಾ ಜೆಲ್ 3ರ ಸಮೀಪಕ್ಕೆ ಬಂತು. ವಿಧಾನ ಜಾಣತನದ್ದೇ, ಆದರೆ ಅದರ ಬೆನ್ನಿಗೆ ಬಂದ ಲೇಖನಗಳ ಪ್ರವಾಹದಲ್ಲಿ ಫ್ರೆಂಕೆಲ್ ಹೆಸರು ಮರೆಯಾದದ್ದು ಸ್ವಲ್ಪ ಖೇದದ ಸಂಗತಿ. ಕೊನೆಗೆ 1998ರಲ್ಲಿ ಅವ್ನಿರ್ ಮತ್ತು ಸಂಗಡಿಗರೇ ‘ಸೈನ್ಸ್’ ಪತ್ರಿಕೆಯಲ್ಲಿ, ಪ್ರಯೋಗಗಳಲ್ಲಿ ಫ್ರ್ಯಾಕ್ಟಲ್ ಎಂದು ವರದಿಯಾದ ರಚನೆಗಳ ಅಳತೆಯ ವ್ಯಾಪ್ತಿ ಸರಾಸರಿ ಇಪ್ಪತ್ತು ಪಟ್ಟಿನಷ್ಟು ಮಾತ್ರ ಎಂದು ಎಣಿಸಿ ತೋರಿಸಿದಾಗ ಫ್ರ್ಯಾಕ್ಟಲ್ ಎಂಬ ಹೆಸರನ್ನು ಕೊಟ್ಟ ಗಣಿತಜ್ಞ ಬೆನುವಾ ಮ್ಯಾಂಡಲ್‌ಬ್ರಾಟ್ ಪ್ರತಿಭಟಿಸಿದರು. ಸಿಲಿಕಾದ ಮಟ್ಟಿಗೆ ಆ ಕಿರಿದಾದ ವ್ಯಾಪ್ತಿಯೂ ಕುಲುಮೆಯಲ್ಲಿ ಉಳಿಯುವುದಿಲ್ಲ, ಏಕೆಂದರೆ ಕಾವು ಮೊದಲು ಒರೆಸಿಹಾಕುವುದು ಅದರ ಅತಿ ಸಣ್ಣ ತುದಿಯನ್ನೇ.