ಕೋಡ್‌ಗೂ ಬೇಕು ಚೌಕ ಕಂಸ

ಶಾಸನಪಾಠ ಓದುವವರಿಗೆ ಚೌಕ ಕಂಸ ಹೊಸದಲ್ಲ. ಹೊರಗಿರುವುದು ಕಲ್ಲಿನ ಮಾತು. ಒಳಗಿರುವುದು ಅಕ್ಷರ ಸವೆದ ಕಡೆ ಸಂಪಾದಕರು ತುಂಬಿದ್ದು. ಶಾಸನಗಳ ಲೆಕ್ಕ ಹಾಕಲು ‘ಆರ್’ ಭಾಷೆ ಕಲಿಯುವವರಿಗೆ ನಾನು ಮೊದಲು ಹೇಳೋದು ಇದನ್ನೇ: ಕೋಡ್‌ನಲ್ಲಿ ಆ ಕಂಸದ ಕೆಲಸ ಮಾಡುವುದು ಕಾಮೆಂಟ್. # ಚಿಹ್ನೆಯಿಂದ ಸಾಲಿನ ಕೊನೆಯವರೆಗೆ ಬರೆದದ್ದನ್ನು ಕಂಪ್ಯೂಟರ್ ಬಿಟ್ಟುಬಿಡುತ್ತದೆ, ಅದು ಮನುಷ್ಯರಿಗಾಗಿ.

ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ 9ನೇ ಸಂಪುಟ (1905) ನೋಡಿಕೊಂಡು, ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಸ್ಥಾನದಿಂದ ಕೆ.ಆರ್. ಪುರದ ಕಡೆಯವರೆಗಿನ ಶಾಸನಗಳನ್ನು ಪಟ್ಟಿ ಮಾಡಿದ್ದೀರಿ ಅಂದುಕೊಳ್ಳಿ. ಶಕವರ್ಷವನ್ನು ಕ್ರಿಸ್ತಶಕಕ್ಕೆ ತರಲು ಒಂದು ಸಾಲಿನಲ್ಲಿ 78 ಕೂಡಿಸುತ್ತೀರಿ. ಅದರ ಮೇಲೆ ‘# 78 ಕೂಡಿಸು’ ಅಂತ ಬರೆದರೆ ಏನು ಬಂತು? ಅದು ಸಾಲಿನಲ್ಲೇ ಕಾಣುತ್ತೆ. ಕಾರಣ ಬರೆಯಿರಿ:

# ಗತ ಶಕವರ್ಷವೆಂದು ಹಿಡಿದಿದೆ. ವರ್ಷದ ಕೊನೆಯ ತಿಂಗಳುಗಳಲ್ಲಿ ತಿಥಿ ಜನವರಿಗೆ ದಾಟಿದರೆ 79.

ಕಾಲ ಹೇಳದ ಕಲ್ಲುಗಳ ವಿಷಯ ಇನ್ನೂ ಸೂಕ್ಷ್ಮ. ಲಿಪಿ ನೋಡಿ ‘ಸುಮಾರು 13ನೇ ಶತಮಾನ’ ಎನ್ನುತ್ತೇವೆ. ಪಟ್ಟಿಯಲ್ಲಿ 1250 ಎಂದು ತುಂಬಿದ ಕೂಡಲೇ ಆ ‘ಸುಮಾರು’ ಮಾಯ. ಸರಾಸರಿ ತೆಗೆದರೂ ಗ್ರಾಫ್ ಬರೆದರೂ ಅದು ಕಲ್ಲೇ ಹೇಳಿದ ವರ್ಷದಂತೆ ಸೇರಿಕೊಳ್ಳುತ್ತದೆ. ಹಾಗಾಗಿ ತುಂಬುವ ಸಾಲಿನ ಮೇಲೆ:

# ಕಲ್ಲಿನಲ್ಲಿ ಕಾಲವಿಲ್ಲ. ಲಿಪಿಯಿಂದ ಊಹೆ, ಶತಮಾನದ ನಡುವಿನ ವರ್ಷ ಇಟ್ಟಿದೆ.

ನಾಳೆ ಯಾರಾದರೂ ಆ ಕಲ್ಲನ್ನು ಮತ್ತೆ ಓದಿ ಬೇರೆ ಕಾಲ ಹೇಳಿದರೆ, ತಿದ್ದಬೇಕಾದ ಸಾಲು ತಕ್ಷಣ ಸಿಗುತ್ತದೆ. ತಿದ್ದುವಾಗ ಕಾಮೆಂಟನ್ನೂ ತಿದ್ದಿ. ಕಲ್ಲು ಹೇಳಿದ್ದು ಯಾವುದು, ನಾವು ಸೇರಿಸಿದ್ದು ಯಾವುದು ಅನ್ನೋದು ಬೇರೆ ಬೇರೆಯಾಗಿ ಉಳಿಯಬೇಕು, ಅಷ್ಟೇ.