‘ಕಪ್ಪುಕುಳಿಯ ಒಳಗೆ ಏನಿದೆ?’: ಒಂದು ಪ್ರಶ್ನೆಯ ವಿಚಾರ

ಚಿತ್ರದುರ್ಗದ ಬೆಟ್ಟಗಳ ನಡುವಣ ಚಂದ್ರವಳ್ಳಿಯ ಕಣಿವೆಯು ಕರ್ನಾಟಕದ ಪ್ರಾಚೀನ ಚರಿತ್ರೆಯನ್ನು ಅಭ್ಯಾಸಮಾಡುವವರಿಗೆ ಸುಪರಿಚಿತವಾದ ಸ್ಥಳ. ಮರೆಯಾಗಿರುವುದನ್ನು ಅರಿಯುವುದಕ್ಕೆ ಮನುಷ್ಯನಿಗಿರುವ ಮೂರು ಮಾರ್ಗಗಳು ಅಲ್ಲಿ ಒಂದೇ ಕಡೆ ಕಾಣಸಿಗುತ್ತವೆ. ಅಂಕಲಿ ಮಠದ ನೆಲದಡಿಯ ಗುಹೆಗಳಿಗೆ ದೀಪವನ್ನು ಹಿಡಿದು ಇಳಿದವನು ಕತ್ತಲೆಯ ಕೋಣೆಗಳನ್ನು ಕಣ್ಣಾರೆ ಕಂಡು, ಮರಳಿ ಬಂದು ಹೇಳಬಲ್ಲನು. ಕಣಿವೆಯ ನೆಲವನ್ನು ೧೯೨೯ರ ಸುಮಾರಿನಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರೂ, ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಅಗೆಯಿಸಿದುದರ ಫಲವಾಗಿ ಶಾತವಾಹನರ ಕಾಲದ ನಾಣ್ಯಗಳೂ ರೋಮಿನ ಬೆಳ್ಳಿಯ ನಾಣ್ಯಗಳೂ ಬೆಳಕಿಗೆ ಬಂದವು. ಇನ್ನು, ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲೆ ಕೆರೆಯೊಂದನ್ನು ಹೇಳುವ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವುಂಟು. ಅದರಲ್ಲಿ ಕೃಷ್ಣ ಅವರು ಓದಿದ ರಾಜವಂಶಗಳ ಹೆಸರುಗಳಲ್ಲಿ ಹಲವನ್ನು ಅನಂತರದ ವಿದ್ವಾಂಸರು ಒಪ್ಪಲಿಲ್ಲ. ಆದರೆ ಬಂಡೆಯು ಇದ್ದಲ್ಲಿಯೇ ಇರುವುದರಿಂದ, ಓದು ಸರಿಯೋ ತಪ್ಪೋ ಎಂಬುದನ್ನು ಯಾರು ಬೇಕಾದರೂ ಹೋಗಿ ಪರೀಕ್ಷಿಸಬಹುದು.

ಒಳಹೊಕ್ಕು ನೋಡಿ ಬರುವುದು, ಅಗೆದು ತೆಗೆಯುವುದು, ಹೊರಗೆ ಉಳಿದ ಗುರುತನ್ನು ಓದುವುದು ಎಂಬ ಈ ಮೂರು ಮಾರ್ಗಗಳಲ್ಲಿ ಮೊದಲನೆಯ ಎರಡೂ ಸರ್ವಥಾ ಮುಚ್ಚಿಹೋಗಿರುವ ಪದಾರ್ಥವೊಂದು ಆಕಾಶದಲ್ಲಿದೆ. ಅದೇ ಕಪ್ಪುಕುಳಿ, ಕೃಷ್ಣರಂಧ್ರವೆಂದೂ ಕರೆಯುತ್ತಾರೆ. ಅದರ ಒಳಗೆ ಏನಿದೆ ಎಂಬ ಪ್ರಶ್ನೆಯನ್ನು ಪಂಡಿತರೂ ಪಾಮರರೂ ಸಮಾನವಾಗಿ ಕೇಳುತ್ತಾರೆ. ಉತ್ತರವನ್ನು ಊಹಿಸುವುದಕ್ಕೆ ಮೊದಲು ಆ ಪ್ರಶ್ನೆಯ ಒಂದೊಂದು ಪದವನ್ನೂ ಬಿಡಿಸಿ ನೋಡುವುದು ಅವಶ್ಯಕ. ಏಕೆಂದರೆ ‘ಕುಳಿ’, ‘ಒಳಗೆ’, ‘ಇದೆ’, ‘ಏನು’ ಎಂಬ ನಾಲ್ಕು ಮಾತುಗಳೂ ಈ ಸಂದರ್ಭದಲ್ಲಿ ತಮ್ಮ ರೂಢಿಯ ಅರ್ಥವನ್ನು ಉಳಿಸಿಕೊಳ್ಳುವುದಿಲ್ಲ.

೧. ‘ಕುಳಿ’

ಕುಳಿಯೆಂದರೆ ತೋಡಿದ ಗುಂಡಿ, ರಂಧ್ರವೆಂದರೆ ತೂತು. ಕಪ್ಪುಕುಳಿಯು ಇವೆರಡೂ ಅಲ್ಲ. ದ್ರವ್ಯವು ಅತ್ಯಲ್ಪ ಸ್ಥಳದಲ್ಲಿ ಅಡಕವಾದಾಗ, ಅದರ ಸುತ್ತ ಬೆಳಕೂ ಹೊರಬರಲಾರದ ಒಂದು ಪ್ರದೇಶವು ಏರ್ಪಡುತ್ತದೆ. ಅದಕ್ಕೆ ಈ ಹೆಸರು. ಬೆಳಕನ್ನೇ ಹಿಡಿದಿಡುವ ನಕ್ಷತ್ರಗಳಿರಬಹುದೆಂದು ಇಂಗ್ಲೆಂಡಿನ ಜಾನ್ ಮಿಚೆಲ್ ೧೭೮೩ರಲ್ಲಿಯೇ ಊಹಿಸಿದ್ದನು. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವು ಪ್ರಕಟವಾದ ಕೆಲವೇ ತಿಂಗಳುಗಳಲ್ಲಿ, ೧೯೧೬ರಲ್ಲಿ, ಕಾರ್ಲ್ ಶ್ವಾರ್ಟ್ಸ್‌ಚೈಲ್ಡ್ ಅದರ ಸಮೀಕರಣಗಳಿಗೆ ನಿಖರವಾದ ಪರಿಹಾರವೊಂದನ್ನು ಕೊಟ್ಟನು. ಅದರ ಪ್ರಕಾರ ಸೂರ್ಯನಷ್ಟು ದ್ರವ್ಯವು ಸುಮಾರು ೩ ಕಿಲೋಮೀಟರು ತ್ರಿಜ್ಯದ ಗೋಳದಲ್ಲಿ ಅಡಗಿದರೆ ಬೆಳಕು ಹೊರಬರಲಾರದು. ಭೂಮಿಯಾದರೆ ೯ ಮಿಲಿಮೀಟರಿಗೆ ಕುಗ್ಗಬೇಕು. ನಕ್ಷತ್ರವು ಹಾಗೆ ಕುಗ್ಗೀತೆ ಎಂಬುದು ಮುಂದಿನ ಪ್ರಶ್ನೆ. ಸುಬ್ರಹ್ಮಣ್ಯನ್ ಚಂದ್ರಶೇಖರರು ೧೯೩೦ರಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುವಾಗ ಆರಂಭಿಸಿದ ಗಣನೆಯಿಂದ, ಶ್ವೇತಕುಬ್ಜವೆಂಬ ಜಾತಿಯ ನಕ್ಷತ್ರವು ಸೂರ್ಯನ ಸುಮಾರು ೧.೪ ಪಟ್ಟಿಗಿಂತ ಹೆಚ್ಚು ಭಾರವನ್ನು ತಾಳಲಾರದೆಂದು ತಿಳಿದುಬಂದಿತು. ಎಲ್ಲ ಆಧಾರವನ್ನೂ ಕಳೆದುಕೊಂಡ ನಕ್ಷತ್ರವು ನಿರಂತರವಾಗಿ ಕುಸಿಯುವುದೆಂದು ಆಪನ್‌ಹೈಮರ್ ಮತ್ತು ಸ್ನೈಡರ್ ೧೯೩೯ರಲ್ಲಿ ತೋರಿಸಿದರು.

ಆಂಗ್ಲದಲ್ಲಿ ‘ಕಪ್ಪುಕುಳಿ’ ಎಂಬರ್ಥದ ಹೆಸರು ರೂಢಿಗೆ ಬಂದುದು ೧೯೬೭ರಿಂದೀಚೆಗೆ, ಅಮೆರಿಕದ ಜಾನ್ ವ್ಹೀಲರ್ ಅವರಿಂದ. ಚಂದ್ರವಳ್ಳಿಯನ್ನು ಅಗೆಯಿಸಿದ ವ್ಹೀಲರ್ ಬೇರೆ, ಇವರು ಬೇರೆ. ಹೆಸರು ಚೆನ್ನಾಗಿ ನಿಂತಿತು. ಆದರೆ ಅದರಿಂದ, ಒಳಗೊಂದು ಖಾಲಿ ಜಾಗವಿದೆ, ಬಾಯಿಯಿದೆ, ತಳವಿದೆ ಎಂಬ ಮೂರು ತಪ್ಪು ಭಾವನೆಗಳು ಹುಟ್ಟಿಕೊಂಡವು.

೨. ‘ಒಳಗೆ’

ಒಳಗು ಹೊರಗು ಎಂಬ ವಿಭಾಗಕ್ಕೆ ಎಲ್ಲೆ ಬೇಕು. ಕಪ್ಪುಕುಳಿಯ ಎಲ್ಲೆಗೆ ಘಟನಾದಿಗಂತವೆಂದು ಹೆಸರು. ಇದು ಗೋಡೆಯಲ್ಲ, ಊರಿನ ಗಡಿಗೆ ನೆಟ್ಟ ಕಲ್ಲಿನಂಥ ಗುರುತೂ ಅಲ್ಲಿಲ್ಲ. ಅತ್ಯಂತ ದೊಡ್ಡ ಕಪ್ಪುಕುಳಿಯಾದರೆ ಅದನ್ನು ದಾಟುವವನಿಗೆ ದಾಟಿದ ಅರಿವೂ ಆಗದು. ಹೊರಗೆ ನಿಂತು ನೋಡುವವನಿಗಾದರೋ, ಬೀಳುವವನ ಕೈಯ ದೀಪವು ಕ್ರಮೇಣ ಕೆಂಪಾಗುತ್ತ, ಅವನ ಗಡಿಯಾರವು ನಿಧಾನವಾಗುತ್ತ, ಕೊನೆಗೆ ದಿಗಂತದ ಬಳಿಯಲ್ಲಿಯೇ ಎಲ್ಲವೂ ಮಸುಕಾಗಿ ಅಳಿಸಿಹೋದಂತೆ ತೋರುತ್ತದೆ. ದಾಟಿದ ಕ್ಷಣವು ಹೊರಗಿನವನ ಕಣ್ಣಿಗೆ ಎಂದಿಗೂ ಬೀಳುವುದಿಲ್ಲ. ಅಂಕಲಿ ಮಠದ ಕತ್ತಲೆಯು ದೀಪದ ಅಭಾವದಿಂದಾದುದು. ಇಲ್ಲಿಯ ಕತ್ತಲೆಯನ್ನು ಎಷ್ಟು ದೀಪಗಳನ್ನು ಒಯ್ದರೂ ನೀಗಿಸಲಾಗದು.

ಈ ಎಲ್ಲೆಯ ಸ್ವರೂಪವನ್ನು ಸ್ಪಷ್ಟಪಡಿಸಿದವರಲ್ಲಿ ಬೆಂಗಳೂರಿನವರಾದ ಸಿ. ವಿ. ವಿಶ್ವೇಶ್ವರ ಅವರು (೧೯೩೮–೨೦೧೭) ಪ್ರಮುಖರು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಅವರಿಗೆ ಗುರುಗಳಾಗಿದ್ದ ಚಾರ್ಲ್ಸ್ ಮಿಸ್ನರ್ ಅವರು ಮೇಲೆ ಹೇಳಿದ ಜಾನ್ ವ್ಹೀಲರರ ಶಿಷ್ಯರು. ತಿರುಗದ ಕಪ್ಪುಕುಳಿಯಲ್ಲಿ ಬೆಳಕು ಅಪರಿಮಿತವಾಗಿ ಕೆಂಪಾಗುವ ಮೇಲ್ಮೈಯೂ ಹಿಂದಿರುಗಲಾಗದ ಎಲ್ಲೆಯೂ ಒಂದೇ. ತಿರುಗುವ ಕಪ್ಪುಕುಳಿಯಲ್ಲಿ ಅವು ಬೇರೆಬೇರೆ ಎಂಬುದನ್ನು ವಿಶ್ವೇಶ್ವರರು ೧೯೬೮ರಲ್ಲಿ ವಿವರಿಸಿದರು. ೧೯೭೦ರಲ್ಲಿ, ತಿರುಗದ ಕಪ್ಪುಕುಳಿಯನ್ನು ಸ್ವಲ್ಪ ಅಲುಗಿಸಿದರೂ ಅದು ಕೆಡದೆ ಸ್ವಸ್ಥಿತಿಗೆ ಮರಳುವುದೆಂದು ತೋರಿಸಿದರು. ಅದೇ ವರ್ಷ, ಅದರ ಮೇಲೆ ಗುರುತ್ವದ ಅಲೆಗಳನ್ನು ಹಾಯಿಸಿದರೆ ಏನಾಗುವುದೆಂದು ಗಣಿಸಿ ನೋಡಿ, ಹೊಡೆದ ಗಂಟೆಯಂತೆ ಅದು ತನ್ನದೇ ಆದ ಸ್ವರದಲ್ಲಿ ಮಿಡಿದು ಬೇಗನೆ ಅಡಗುವುದೆಂದು ಕಂಡುಹಿಡಿದರು. ಹೊಡೆದ ಕೈ ಯಾವುದಾದರೂ ಸ್ವರವು ಬದಲಾಗುವುದಿಲ್ಲ. ಕಪ್ಪುಕುಳಿಯ ದ್ರವ್ಯರಾಶಿ ಮತ್ತು ಭ್ರಮಣಗಳಿಂದಲೇ ಅದು ನಿರ್ಣಯವಾಗುತ್ತದೆ. ಆಗ ಕಾಗದದ ಮೇಲಿನ ಲೆಕ್ಕವಾಗಿದ್ದ ಈ ಮಿಡಿತಕ್ಕೆ, ೨೦೧೫ರ ಸೆಪ್ಟೆಂಬರ್ ೧೪ರಂದು ಬಂದ ಗುರುತ್ವ ತರಂಗದಲ್ಲಿ ಹೊಂದುವ ಗುರುತು ಕಂಡಿತು. ಸೂರ್ಯನ ಸುಮಾರು ೩೬ ಮತ್ತು ೨೯ ಪಟ್ಟು ಭಾರದ ಎರಡು ಕಪ್ಪುಕುಳಿಗಳು ಕೂಡಿ ೬೨ ಪಟ್ಟಿನ ಒಂದಾದವು. ಉಳಿದ ೩ ಸೂರ್ಯರಷ್ಟು ದ್ರವ್ಯವು ಅಲೆಯ ಶಕ್ತಿಯಾಗಿ ಹೊರಟಿತು. ಸಂಗತಿಯು ೨೦೧೬ರ ಫೆಬ್ರವರಿಯಲ್ಲಿ ಪ್ರಕಟವಾದುದನ್ನು ವಿಶ್ವೇಶ್ವರರು ತಮ್ಮ ಜೀವಿತದಲ್ಲಿಯೇ ಕಂಡರು. ೨೦೨೫ರ ಜನವರಿ ೧೪ರಂದು ಇನ್ನೂ ಸ್ಫುಟವಾದ ಅಲೆಯೊಂದು ದೊರೆತು, ಆ ಸ್ವರದ ಲಕ್ಷಣವು ಮತ್ತಷ್ಟು ದೃಢಪಟ್ಟಿತು.

ಇಲ್ಲಿ ಗಮನಿಸತಕ್ಕದ್ದೇನೆಂದರೆ, ಈ ಸ್ವರವು ಒಳಗಿನಿಂದ ಬಂದುದಲ್ಲ. ದಿಗಂತದ ಹೊರವಲಯದಲ್ಲಿ ಹುಟ್ಟಿದುದು. ೨೦೧೯ರಲ್ಲಿ ಪ್ರಕಟವಾದ ಎಂ ೮೭ ಎಂಬ ಬ್ರಹ್ಮಾಂಡದ ಕಪ್ಪುಕುಳಿಯ ಚಿತ್ರವೂ, ೨೦೨೨ರಲ್ಲಿ ಪ್ರಕಟವಾದ ಆಕಾಶಗಂಗೆಯ ನಡುವಿನ ಕಪ್ಪುಕುಳಿಯ ಚಿತ್ರವೂ ಹೀಗೆಯೇ. ಅವುಗಳಲ್ಲಿ ಕಾಣುವ ಪ್ರಕಾಶವಲಯವು ಹೊರಗಿನದು, ನಡುವಿನ ಕಪ್ಪು ನೆರಳು ಮಾತ್ರ. ಕಪ್ಪುಕುಳಿಯ ಶಾಸನದಲ್ಲಿ ಮೂರೇ ಮಾತುಗಳು: ದ್ರವ್ಯರಾಶಿ, ವಿದ್ಯುದಾವೇಶ, ಭ್ರಮಣ. ಒಳಗೆ ಬಿದ್ದುದು ಕಬ್ಬಿಣವೋ ಅನಿಲವೋ ಇಡೀ ಗ್ರಂಥಭಂಡಾರವೋ ಎಂಬುದು ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಈ ಮೂರರಲ್ಲಿ ಎಲ್ಲಿಯೂ ಬರೆದಿರುವುದಿಲ್ಲ.

೩. ‘ಇದೆ’

‘ಇದೆ’ ಎಂಬುದು ವರ್ತಮಾನಕಾಲದ ಕ್ರಿಯಾಪದ. ಈಗ ಅಲ್ಲಿ ಏನಿದೆ ಎಂದು ಕೇಳಬೇಕಾದರೆ ಇಲ್ಲಿಯ ‘ಈಗ’ಕ್ಕೂ ಅಲ್ಲಿಯ ‘ಈಗ’ಕ್ಕೂ ಹೊಂದಿಕೆಯಿರಬೇಕು. ದಿಗಂತದ ಒಳಗಿನಿಂದ ಸಂದೇಶವೇ ಹೊರಡದಿರುವಾಗ ಅಂಥ ಹೊಂದಿಕೆಯನ್ನು ಗೊತ್ತುಮಾಡುವ ಉಪಾಯವಿಲ್ಲ. ಮೇಲಾಗಿ, ದಿಗಂತವನ್ನು ದಾಟಿದ ಮೇಲೆ ದೇಶ ಮತ್ತು ಕಾಲಗಳ ಪಾತ್ರಗಳೇ ಅದಲುಬದಲಾಗುತ್ತವೆಂದು ಶ್ವಾರ್ಟ್ಸ್‌ಚೈಲ್ಡನ ಪರಿಹಾರವು ತಿಳಿಸುತ್ತದೆ. ಹೊರಗಿರುವವನಿಗೆ ಕೇಂದ್ರವು ಒಂದು ಸ್ಥಳ. ಅತ್ತ ಹೋಗಬಹುದು, ಬಿಡಬಹುದು. ಒಳಹೊಕ್ಕವನಿಗೆ ಕೇಂದ್ರವು ಸ್ಥಳವಲ್ಲ, ಬರಲಿರುವ ಒಂದು ಹೊತ್ತು. ನಾಳೆಯ ದಿನವನ್ನು ಬಳಸಿಕೊಂಡು ಹೋಗುವುದು ಹೇಗೆ ಅಸಾಧ್ಯವೋ ಕೇಂದ್ರವನ್ನು ತಪ್ಪಿಸಿಕೊಳ್ಳುವುದೂ ಹಾಗೆಯೇ ಅಸಾಧ್ಯ. ಹೊರಗೆ ಬರುವುದೆಂದರೆ ನಿನ್ನೆಗೆ ಮರಳಿದಂತೆ.

ಆ ಹೊತ್ತು ಎಷ್ಟು ದೂರವೆಂಬುದನ್ನೂ ಲೆಕ್ಕಹಾಕಬಹುದು. ತಿರುಗದ ಕಪ್ಪುಕುಳಿಯೆಂದು ಭಾವಿಸಿದರೆ, ಸೂರ್ಯನಷ್ಟು ಭಾರದ್ದರಲ್ಲಿ ಒಳಹೊಕ್ಕವನಿಗೆ ಉಳಿಯುವ ಕಾಲವು ಹೆಚ್ಚೆಂದರೆ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ೧೫ ಭಾಗ. ೪೦ ಲಕ್ಷ ಸೂರ್ಯರಷ್ಟು ಭಾರವಾದ ಆಕಾಶಗಂಗೆಯ ಕಪ್ಪುಕುಳಿಯಲ್ಲಿ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ೬೫೦ ಕೋಟಿ ಸೂರ್ಯರಷ್ಟು ಭಾರವಾದ ಎಂ ೮೭ರದರಲ್ಲಿ ಸುಮಾರು ೨೮ ಗಂಟೆ. ಯಾವ ಸಾಹಸದಿಂದಲೂ ಈ ಅವಧಿಯನ್ನು ಹೆಚ್ಚಿಸಲಾಗದು. ಹೀಗಿರುವುದರಿಂದ ‘ಏನಿದೆ’ ಎಂಬ ಪ್ರಶ್ನೆಯನ್ನು ‘ಹೊಕ್ಕವನಿಗೆ ಏನಾಗುವುದು’ ಎಂದು ಭವಿಷ್ಯತ್ಕಾಲಕ್ಕೆ ತಿರುಗಿಸಿದರೆ ಅದು ಅರ್ಥವತ್ತಾಗುತ್ತದೆ.

೪. ‘ಏನು’

ಇನ್ನುಳಿದುದು ಪ್ರಶ್ನೆಯ ತಿರುಳಾದ ‘ಏನು’ ಎಂಬ ಪದ. ಕೊಲ್ಕತ್ತದ ಅಮಲ್ ಕುಮಾರ್ ರಾಯಚೌಧುರಿ ಅವರು ೧೯೫೫ರಲ್ಲಿ ಪ್ರಕಟಿಸಿದ ಸಮೀಕರಣವನ್ನು ತಳಹದಿಯಾಗಿ ಮಾಡಿಕೊಂಡು, ರೋಜರ್ ಪೆನ್‌ರೋಸ್ ಅವರು ೧೯೬೫ರಲ್ಲಿ ಮಹತ್ತಾದ ಪ್ರಮೇಯವೊಂದನ್ನು ಸಾಧಿಸಿದರು. ಬೆಳಕನ್ನೂ ಸೆರೆಹಿಡಿಯುವಷ್ಟು ಕುಸಿತವಾದ ಮೇಲೆ, ಸಾಪೇಕ್ಷತಾ ಸಿದ್ಧಾಂತವು ಸತ್ಯವಾಗಿರುವವರೆಗೆ, ಒಳಗಿನ ಕೆಲವು ಮಾರ್ಗಗಳಾದರೂ ಥಟ್ಟನೆ ಮುಗಿದುಹೋಗಲೇಬೇಕು ಎಂಬುದು ಅದರ ತಾತ್ಪರ್ಯ. ಈ ಮುಕ್ತಾಯಕ್ಕೆ ಸಿಂಗ್ಯುಲಾರಿಟಿ ಎಂದು ಹೆಸರು. ಈ ಸಾಧನೆಗಾಗಿ ಪೆನ್‌ರೋಸರಿಗೆ ೨೦೨೦ರಲ್ಲಿ ನೊಬೆಲ್ ಪಾರಿತೋಷಿಕವು ಸಂದಿತು. ಆದರೆ ಸಿಂಗ್ಯುಲಾರಿಟಿ ಎಂಬುದು ಒಳಗಿರುವ ಒಂದು ವಸ್ತುವಿನ ಹೆಸರೆಂದು ಭಾವಿಸುವುದು ತಪ್ಪು. ಅದು ಸಿದ್ಧಾಂತವು ಮುಂದೆ ಏನನ್ನೂ ಹೇಳಲಾರದೆ ನಿಲ್ಲುವ ಸ್ಥಾನ. ಶಾಸನದ ಕಲ್ಲು ಒಡೆದಿರುವ ಕಡೆಯಲ್ಲಿ ಪಾಠವು ನಿಂತುಹೋದರೆ, ‘ಒಡಕು’ ಎಂಬುದನ್ನು ಶಾಸನದ ಮಾತೆಂದು ಯಾರೂ ಓದುವುದಿಲ್ಲ.

ಈ ಒಡಕಿನಾಚೆಯ ಪಾಠವನ್ನು ತುಂಬಲು ಹಲವು ಊಹೆಗಳು ಹುಟ್ಟಿವೆ. ತಿರುಗುವ ಕಪ್ಪುಕುಳಿಗೆ ರಾಯ್ ಕೆರ್ ೧೯೬೩ರಲ್ಲಿ ಕೊಟ್ಟ ಪರಿಹಾರವನ್ನು ಒಳಕ್ಕೆ ಬೆಳೆಸಿದರೆ, ಕೇಂದ್ರದಲ್ಲಿ ಬಿಂದುವಿಗೆ ಬದಲಾಗಿ ಉಂಗುರವೂ, ಅದರಾಚೆ ಮತ್ತೊಂದು ವಿಶ್ವಕ್ಕೆ ದಾರಿಯೂ ಗಣಿತದಲ್ಲಿ ತೋರುತ್ತವೆ. ಆದರೆ ಆ ದಾರಿಗೆ ಮುನ್ನಿನ ಒಳದಿಗಂತವು ಅಸ್ಥಿರವೆಂದೂ, ಹೊರಗಿನಿಂದ ಬಿದ್ದ ಅಲ್ಪ ಬೆಳಕೂ ಅಲ್ಲಿ ಅಪಾರ ಶಕ್ತಿಯಾಗಿ ಬೆಳೆಯುವುದೆಂದೂ ಗಣನೆಯು ತಿಳಿಸುವುದರಿಂದ, ದಾರಿಯು ನಿಜವಾಗಿ ತೆರೆದಿರುವುದೆಂದು ನಂಬುವುದಕ್ಕೆ ಆಧಾರವಿಲ್ಲ. ಅಭಯ್ ಅಷ್ಟೇಕರ್ ಮೊದಲಾದವರ ಪಕ್ಷದಲ್ಲಿ ದೇಶಕಾಲವೇ ಅತಿ ಸೂಕ್ಷ್ಮವಾದ ಕಣರೂಪವುಳ್ಳದ್ದಾದ್ದರಿಂದ ಕುಸಿತವು ಒಂದು ಮಿತಿಯಲ್ಲಿ ನಿಂತು ಮುಂದೆ ಬೇರೊಂದು ಅವಸ್ಥೆಗೆ ಸಾಗುತ್ತದೆ. ಸಮೀರ್ ಮಾಥುರ್ ಮೊದಲಾದವರ ಪಕ್ಷದಲ್ಲಿ ಖಾಲಿಯಾದ ಒಳಗೆಂಬುದೇ ಇಲ್ಲ; ದಿಗಂತದ ವರೆಗೂ ಸೂಕ್ಷ್ಮ ತಂತುಗಳ ಮುದ್ದೆಯೇ ತುಂಬಿದೆ. ಇವು ಒಂದಕ್ಕೊಂದು ವಿರೋಧವಾದರೂ ಪ್ರತಿಯೊಂದಕ್ಕೂ ಗಣಿತದ ಬಲವುಂಟು. ಯಾವುದಕ್ಕೂ ಇದುವರೆಗೆ ವೀಕ್ಷಣೆಯ ಸಾಕ್ಷ್ಯವಿಲ್ಲ.

ಸ್ಟೀಫನ್ ಹಾಕಿಂಗ್ ೧೯೭೪ರಲ್ಲಿ ತೋರಿಸಿದಂತೆ, ಕ್ವಾಂಟಂ ನಿಯಮಗಳ ಪ್ರಕಾರ ಕಪ್ಪುಕುಳಿಯು ಅತಿ ಕ್ಷೀಣವಾದ ಕಿರಣವನ್ನು ಹೊರಸೂಸಿ ಬಹುಕಾಲದ ಮೇಲೆ ಕರಗಬೇಕು. ಹಾಗಾದರೆ ಒಳಬಿದ್ದುದರ ವಿವರವು ಕಿರಣದಲ್ಲಿ ಹೊರಬರುವುದೋ ಶಾಶ್ವತವಾಗಿ ನಾಶವಾಗುವುದೋ ಎಂಬ ವಿವಾದವು ಅಲ್ಲಿಂದ ಇಂದಿನವರೆಗೂ ನಡೆದಿದೆ. ಸೂರ್ಯನಷ್ಟು ಭಾರದ ಕಪ್ಪುಕುಳಿಗೆ ಈ ಕಿರಣದ ಉಷ್ಣತೆಯು ಒಂದು ಕೆಲ್ವಿನ್ನಿನ ಕೋಟಿಯಲ್ಲೊಂದು ಭಾಗಕ್ಕೂ ಕಡಿಮೆ. ಆಕಾಶವನ್ನೆಲ್ಲ ತುಂಬಿರುವ ಹಿನ್ನೆಲೆಯ ವಿಕಿರಣದ ಉಷ್ಣತೆಯಾದರೋ ೨.೭ ಕೆಲ್ವಿನ್. ಆದಕಾರಣ ಆಕಾಶದ ಯಾವ ಕಪ್ಪುಕುಳಿಯಿಂದಲೂ ಈ ಕಿರಣವು ಇನ್ನೂ ದೊರೆತಿಲ್ಲ.

೫. ಉಪಸಂಹಾರ

ಇಷ್ಟರಿಂದ ಮೂರು ಅಂತಸ್ತುಗಳು ವಿಂಗಡವಾಗುತ್ತವೆ. ದಿಗಂತದ ಹೊರಗಿನದು ವೀಕ್ಷಣೆಯಿಂದ ಸಿದ್ಧವಾದುದು. ದಿಗಂತದಿಂದ ಕೇಂದ್ರದ ಸಮೀಪದ ವರೆಗಿನದು, ಹೊರಗೆ ಪರೀಕ್ಷೆಗಳಲ್ಲಿ ಗೆದ್ದ ಸಿದ್ಧಾಂತವನ್ನು ಒಳಕ್ಕೆ ಬೆಳೆಸಿ ಮಾಡಿದ ಅನುಮಾನ. ಹೊಕ್ಕವನು ಅದನ್ನು ಪರೀಕ್ಷಿಸಬಹುದಾದರೂ ಮರಳಿ ಹೇಳಲಾರನು. ಕೇಂದ್ರದಲ್ಲಿ ಆಗುವುದು ಊಹೆ. ಪಾಠಪುಸ್ತಕಗಳಲ್ಲಿಯೂ ಜನಪ್ರಿಯ ಲೇಖನಗಳಲ್ಲಿಯೂ ಈ ಮೂರನ್ನು ಒಂದೇ ಧಾಟಿಯಲ್ಲಿ, ‘ಇದೆ’ ಎಂಬ ಒಂದೇ ಕ್ರಿಯಾಪದದಿಂದ ಹೇಳುವುದರಿಂದ ಸಿದ್ಧವಾದುದರ ಗೌರವವು ಕುಗ್ಗುತ್ತದೆ, ಊಹೆಗೆ ಇಲ್ಲದ ಅಧಿಕಾರವು ಬರುತ್ತದೆ. ‘ಕಂಡಿದೆ’, ‘ಇರಬೇಕು’, ‘ಇರಬಹುದು’ ಎಂದು ಮೂರು ಬಗೆಯಾಗಿ ಹೇಳುವ ಶಕ್ತಿಯು ಕನ್ನಡಕ್ಕಿರುವಾಗ ಅದನ್ನು ಬಳಸದಿರುವುದು ಲೇಖಕರ ಲೋಪವೇ ಹೊರತು ಭಾಷೆಯದಲ್ಲ.

ಹಾಗೆಂದು ಊಹೆಯು ವ್ಯರ್ಥವೆಂದು ಹೇಳಲಾಗದು. ಚಂದ್ರವಳ್ಳಿಯ ಶಾಸನದ ಮೊದಲ ಓದು ಪೂರ್ಣವಾಗಿ ನಿಲ್ಲದೆ ಹೋದರೂ ಮುಂದಿನ ಓದುಗಳಿಗೆ ಅದೇ ಪ್ರೇರಣೆಯಾಯಿತು. ಅದು ತಿದ್ದಲ್ಪಡುವುದಕ್ಕೆ ಬಂಡೆಯು ಎಲ್ಲರ ಕಣ್ಣಮುಂದಿದ್ದುದೇ ಕಾರಣ. ಕಪ್ಪುಕುಳಿಯ ಒಳಗನ್ನು ಕುರಿತ ಊಹೆಗೂ ಅದೇ ಒರೆಗಲ್ಲು. ಹೊರಗೆ ಓದಬಹುದಾದ ಒಂದಕ್ಷರವನ್ನಾದರೂ, ಮಿಡಿತದ ಸ್ವರದಲ್ಲಿ ಒಂದು ಅಲ್ಪ ವ್ಯತ್ಯಾಸವನ್ನಾದರೂ ಮುಂಗಂಡು ಹೇಳುವ ಊಹೆಯು ಇಂದಲ್ಲ ನಾಳೆ ಪರೀಕ್ಷೆಗೆ ಒಳಪಡುತ್ತದೆ. ವಿಶ್ವೇಶ್ವರರ ಗಣನೆಯು ಅಂಥ ಪರೀಕ್ಷೆಗಾಗಿ ೪೫ ವರ್ಷ ಕಾಯಬೇಕಾಯಿತು.