ಅಂಟೇ ಇಲ್ಲದ ಅಂಟು!

ಹಳೆಯ ಪತ್ರಿಕೆಯೊಂದರ ಮೂಲೆಯನ್ನು ಚೂರು ಹರಿಯಿರಿ. ಹರಿದ ಅಂಚನ್ನು ಬೆಳಕಿಗೆ ಹಿಡಿಯಿರಿ. ನವುರಾದ ಎಳೆಗಳು ಕಂಡವೇ? ಮರದ ನಾರು ಅವು! ಅವನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಏನು, ಹೇಳಿ ನೋಡೋಣ.

ಗೋಂದು? ಅಲ್ಲ! ಹೆಣಿಗೆ? ಅದೂ ಅಲ್ಲ!

ನೀರಿನ ಕೈಚಳಕ! ಅದೂ ಯಾವತ್ತೋ ಆರಿಹೋದ ನೀರು!

ಕಾಗದವಾಗಲಿರುವ ನಾರಿನ ಒದ್ದೆ ತಿರುಳು ಒಣಗುವಾಗ ನೀರು ಸುಮ್ಮನೆ ಹೋಗುವುದಿಲ್ಲ. ಹೋಗುತ್ತಾ ಹೋಗುತ್ತಾ ಅಕ್ಕಪಕ್ಕದ ನಾರುಗಳನ್ನು ಹತ್ತಿರಕ್ಕೆ ಎಳೆಯುತ್ತದೆ. ಮೈಗೆ ಮೈ ತಾಗಿದ್ದೇ ತಡ, ಸೆಲ್ಯುಲೋಸ್ ಅಣುಗಳ ನಡುವೆ ಹೈಡ್ರೋಜನ್ ಬಂಧ! ಒಂದೊಂದೂ ಬಡಕಲು. ಲೆಕ್ಕವಿಲ್ಲದಷ್ಟು ಸೇರಿದರೆ? ಗಟ್ಟಿ ರಟ್ಟು!

ಈಗ ಆ ರಟ್ಟನ್ನು ನೀರು ಮುಟ್ಟಿಸದೆ ಬಿಡಿಸಬೇಕು. ಮಗುವಿನ ಡೈಪರ್ ಒಳಗಿನ ಮೆತ್ತನೆಯ ತಿರುಳು ಹುಟ್ಟುವುದು ಹೀಗೇ! ಅಮೆರಿಕದ ಆಗ್ನೇಯ ರಾಜ್ಯಗಳ ಪೈನ್ ಮರದಿಂದ ಮಾಡಿದ ದಪ್ಪ ಹಾಳೆಯ ಸುರುಳಿ. ಎದುರಿಗೆ ಗಿರಗಿರನೆ ತಿರುಗುವ ಸುತ್ತಿಗೆಗಳು! ಅವುಗಳ ತುದಿಯ ವೇಗ ಗಂಟೆಗೆ 200 ಕಿ.ಮೀ. ದಾಟುತ್ತದೆ!

ಒಂದೇ ಒಂದು ಗ್ರಾಂ ಹಾಳೆಯಿಂದ ಎಷ್ಟು ನಾರು ಬಂದೀತು? ಸಾವಿರ? ಹತ್ತು ಸಾವಿರ?

ಹತ್ತು ಲಕ್ಷಕ್ಕೂ ಹೆಚ್ಚು! ಒಂದೊಂದರ ಉದ್ದ 2-3 ಮಿ.ಮೀ. ಅಷ್ಟೇ.

ನನಗೆ ತೀರಾ ಮಜಾ ಅನ್ನಿಸಿದ್ದು ಇದು. ಹಾಳೆ ಅತಿಯಾಗಿ ಒಣಗಿತೋ, ನಾರು ಮುರಿದು ಪುಡಿ! ಮೇಲಾಗಿ ಸ್ಥಿರವಿದ್ಯುತ್ ಹುಟ್ಟಿ, ಈಗಷ್ಟೇ ಬಿಡಿಬಿಡಿಯಾದ ನಾರುಗಳು ಮತ್ತೆ ಗುಂಪುಗಟ್ಟುತ್ತವೆ! ತೇವ ಜಾಸ್ತಿಯಾಯಿತೋ, ಬಿಡಿಸಿಕೊಳ್ಳಲು ಒಲ್ಲೆ ಎನ್ನುತ್ತವೆ. ಎಲ್ಲೆಲ್ಲೂ ಗಂಟು! ನೂರಕ್ಕೆ ಸುಮಾರು 6ರಿಂದ 10 ಪಾಲು ತೇವ, ಅಷ್ಟರೊಳಗೇ ಇಡೀ ಕರಾಮತ್ತು. ಕೆಲವು ಗಿರಣಿಗಳಲ್ಲಿ ಬಂಧ ಬಿಗಿಯದಂತೆ ಹಾಳೆಗೆ ಮೊದಲೇ ರಾಸಾಯನಿಕ ಬೆರೆಸಿರುತ್ತಾರೆ. ಜಾಣರು!

ಇನ್ನೂ ಇದೆ. ಮಾಮೂಲಿ ಕಾಗದದ ಯಂತ್ರಕ್ಕೆ ಹರಿದುಬರುವ ತಿರುಳಿನಲ್ಲಿ ನೂರಕ್ಕೆ 99 ಪಾಲು ನೀರೇ! ಗಾಳಿಯಲ್ಲೇ ಕಾಗದ ಮಾಡಿದರಾಗದೇ ಎಂದು ಹೊರಟವರು ಡೆನ್ಮಾರ್ಕಿನ ಕಾರ್ಲ್ ಕ್ರೋಯರ್. (ಕುವೈತಿನಲ್ಲಿ 1964ರಲ್ಲಿ ಮುಳುಗಿದ ಹಡಗಿನೊಳಗೆ ಪ್ಲಾಸ್ಟಿಕ್ ಗುಂಡು ತುಂಬಿಸಿ ಮೇಲೆತ್ತಿದ ಪುಣ್ಯಾತ್ಮರೂ ಇವರೇ!)

ಕ್ರೋಯರ್ ವಿಧಾನದಲ್ಲಿ ಬಿಡಿ ನಾರುಗಳು ತೂತಿನ ಜರಡಿಯಿಂದ ಉದುರುತ್ತವೆ. ಗಂಟುಗಳು ಹಿಂದೆಯೇ ಉಳಿಯುತ್ತವೆ. ಕೆಳಗೆ ಓಡುವ ತಂತಿಬಲೆ, ಅದರಡಿಯಿಂದ ಗಾಳಿಯ ಸೆಳೆತ. ಹಾಸು ಸಿದ್ಧ! ಆದರೆ ಊದಿದರೆ ಹಾರಿಹೋದೀತು. ನೀರು ಆರಲಿಲ್ಲ, ಬಂಧ ಬೆಸೆಯಲಿಲ್ಲ!

ಅಷ್ಟೆಲ್ಲ ಬಡಿದು ಬಿಡಿಸಿದ ನಾರನ್ನು ಹಿಡಿದಿಡಲು ಈಗ ಏನು ಮಾಡುತ್ತಾರೆ, ಊಹಿಸಿ!

ಅಂಟು ಸಿಂಪಡಿಸುತ್ತಾರೆ!